ಬಾಯಿ ಬಿಡದ ಗೋಲ್‌ಕೀಪರ್

ಥೂ, ಆ ಸೀಸನ್ ನೆನಪ ಮಾಡಬಾರ್ದು ನೋಡ್ರಿ. ನಾ ಆಸೀಫ, ದಾಂಡೇಲಿ ಅಂಬೇವಾಡಿಯೊಳಗ ಬೈಕ್ ರಿಪೇರಿ ಮಾಡಾಂವ. ಐತವಾರಕ್ಕೊಮ್ಮೆ ಪಗಾರ ತಗೊಂಡು ಹಾಕಿ ಆಟ ಆಡ್ತಿದ್ದೆ. ಮೂರು ತಿಂಗಳ ಸಣ್ಣ ಲೀಗು. ದಾಂಡೇಲಿ, ಹಳಿಯಾಳ, ಮುಂಡಗೋಡ ಅಂತ ಊರೂರು ತಿರುಗೂದು. ಟೀಮಿನ ಮಾಲಕ ಚನಬಸಪ್ಪ, ಜೋಯಿಡಾ ಕಡೆ ರೆಸಾರ್ಟ್ ಇಟ್ಟಾಂವ.

ನಮ್ಮ ಗೋಲ್‌ಕೀಪರ್ ಕಾಯತಾನ, ಹಳಿಯಾಳ ತಾಲೂಕಿನ ಸಿದ್ದಿ, ನೂರಾರು ವರ್ಷದ ಹಿಂದ ಆಫ್ರಿಕಾದಿಂದ ಬಂದವರ ಕುಲದಾಂವ. ಅವ್ವ ಸತ್ತ ಮ್ಯಾಲೆ ಅವ್ವನ ತಂಗಿ, ಮೌಶಿ ಹಜರಾಬಿ ಸಾಕಿದ್ಲು. ಅಂವ ಕ್ರಿಶ್ಚನ್, ಆಕಿ ಮುಸಲ್ಮಾನಳು. ಸಿದ್ದಿ ಮಂದ್ಯಾಗ ಅದೇನ್ ದೊಡ್ಡ ಮಾತಲ್ಲ, ಹಿರಿಯರ ಪೂಜಾಕ್ಕ ಎಲ್ಲಾರೂ ಒಂದ ಮನಿಯೊಳಗ ಕೂಡ್ತಾರ. "ಈ ವರ್ಷ ನಾ ಹೇಳಿದಂಗ ಆಡು, ಮುಂದ ಕಾಯಂ ಮಾಡ್ತೇನಿ," ಅಂದಿದ್ದ ಮಾಲಕ. ಕಬ್ಬು ಕಡಿಯೂ ಕೂಲಿ ಬಿಟ್ಟು ಬಂದ ಕಾಯತಾನಗ ಅಷ್ಟ ಸಾಕಾಗಿತ್ತು.

ಟೀಮಿಗೊಬ್ಬ ಪರದೇಶದ ಆಟಗಾರ ಇರಬಹುದು ಅಂತ ಲೀಗಿನ ನಿಯಮ. ಆ ಚನಬಸಪ್ಪನ ಹಲ್ಕಟ್ ತಲಿ ನೋಡ್ರಿ! ಪರದೇಶದಾಂವ ಅಂದ್ರ ಮಂದಿ ಹೆಚ್ಚು ಬರ್ತಾರಂತ ಮೊದಲ ಮ್ಯಾಚಿನ್ಯಾಗ ನಮ್ಮ ಕಾಯತಾನನ್ನ ಮುಂದ ನಿಲ್ಲಿಸಿ ಮೈಕಿನೊಳಗ ಕೂಗಿಸಿದ: "ನೈಜೀರಿಯಾದಿಂದ ಬಂದ ಕೇಟನ್!" ಪೋಸ್ಟರಿನ್ಯಾಗ ಅವಗ ಚಿರತಿ ಚರ್ಮ ಉಡಿಸಿದ್ರು. ಮಂದಿ ಸೀಟಿ ಹೊಡದ್ರು, ನಾವು ನಕ್ಕೆವು.

"ಮೈದಾನದಾಗ ಬಾಯಿ ಬಿಡಬ್ಯಾಡ, ಕನ್ನಡ ಕೇಳಿದ್ರ ಗುಟ್ಟು ರಟ್ಟಾಗ್ತೈತಿ," ಅಂದ ಅವಗ ಚನಬಸಪ್ಪ. ಗೋಲ್‌ಕೀಪರ್ ಅಂದ್ರ ಅರ್ಧಾ ಆಟ ಬಾಯಾಗ ಐತಿ ರೀ. ಇಡೀ ಮೈದಾನ ಅವಗಷ್ಟ ಕಾಣೂದು, ಕೂಗಿ ಹೇಳಬೇಕು. ಇಂವ ಹಿಂದ ನಿಂತು ಕೈ ಬೀಸಾಂವ, ನಮಗ ಕಾಣ್ತಿರಲಿಲ್ಲ, ಗೋಲು ಬೀಳ್ತಿದ್ದುವು. ಬೈಗುಳ ಮಾತ್ರ ಅವಗ.

ಹೆಂಗೋ ಫೈನಲ್ ಮುಟ್ಟಿದಿವಿ, ಹಳಿಯಾಳದಾಗ. ಮ್ಯಾಚಿಗಿಂತ ಮೊದ್ಲ ಹಜರಾಬಿ ಬೇಲಿ ಹಿಡಕೊಂಡು ಕೂಗಿದ್ಲು, "ಕಾಯತಾನ, ನಾಳೆ ಹಿರಿಯರ ಪೂಜಾ ಐತಿ, ಬಾರೋ!" ಮಾಲಕ ನನಗ ಕಣ್ಣು ಸನ್ನಿ ಮಾಡಿದ. ನಾ ಹೋಗಿ, "ಖಾಲಾ, ಅಂವ ನಿಮ್ಮಾಂವ ಅಲ್ಲ, ನೈಜೀರಿಯಾದಾಂವ," ಅಂದೆ. ಈ ನಾಲಿಗಿಯಿಂದನ ಅಂದೆ. ಆಕಿ, "ನನ್ನ ಕೈತುತ್ತು ತಿಂದಾಂವ ನನಗ ಗೊತ್ತಾಗಂಗಿಲ್ಲೇನ್ಪಾ?" ಅಂದು ಅಲ್ಲೇ ಕುಂತ್ಲು.

ಒಂದಕ್ಕೊಂದು ಗೋಲು, ಎರಡು ನಿಮಿಷ ಉಳಿದಿತ್ತು. ಎದುರಿನವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು, ನಮ್ಮ ಗೋಲಿಗೆ ನೇರ ಹೊಡಿಯೂ ಅವಕಾಶ. ಚೆಂಡು ಹೊಂಟಿದ್ದ ಒಂದು ಕಡೆ, ನಾ ಓಡಿದ್ದ ಇನ್ನೊಂದು ಕಡೆ. ತಡಕೊಳ್ಳಾಕ ಆಗಲಿಲ್ಲ ಕಾಯತಾನಗ. "ಏ ಆಸೀಫ, ಎಡಕ್ಕ ಬಾರಲೇ, ಎಡಕ್ಕ!" ಅಂತ ಚೀರಿದ. ತಿರುಗಿದೆ, ಚೆಂಡು ನನ್ನ ಕೋಲಿಗೆ ಬಡೀತು. ಅದನ್ನ ಮುಂದ ಒಯ್ದು ನಮ್ಮವರು ಗೋಲು ಹೊಡದ್ರು.

ಗೆದ್ದಿವಿ. ಆದ್ರ ಆ ಕೂಗು ಊರಿಗೂರ ಕೇಳಿತ್ತು. ಎದುರಿನವರು ತಕರಾರು ತಗದ್ರು, ಲೀಗಿನ ಕಮಿಟಿಯವರು ಅಲ್ಲೇ ಮೈದಾನದಾಗ ಕುಂತ್ರು. ಚನಬಸಪ್ಪ ಎದಿ ಮ್ಯಾಲೆ ಕೈ ಇಟ್ಟುಕೊಂಡು, "ನನಗೂ ಮೋಸ ಮಾಡ್ಯಾನ ರೀ ಇಂವ," ಅಂದ. ಥೂ ನಿನ್ನ! ಕಮಿಟಿಯವರು ಅವನ ರೆಸಾರ್ಟಿನ್ಯಾಗ ಉಂಡವರು. ಕಪ್ ನಮಗ ಬಿಟ್ರು, ಸುಳ್ಳು ಹೆಸರಿನ್ಯಾಗ ಆಡಿದ್ದಕ್ಕ ಕಾಯತಾನಗ ಐದು ವರ್ಷ ಆಟ ಬಂದ್.

ಕಾಯತಾನ ಕಾಲಿನ ಪ್ಯಾಡ್ ಬಿಚ್ಚಿಟ್ಟು ನನ್ನ ಮುಂದ ಬಂದು ನಿಂತ. "ಆಸೀಫ, ನೀನರ ಹೇಳೋ. ನಾ ಯಾವೂರಾಂವ? ಯಾರು ಹಿಂಗ ಮಾಡಿಸಿದ್ದು?"

ನಾ ಬಗ್ಗಿ ಬೂಟಿನ ಲೇಸ್ ಕಟ್ಟಕೊಂತ ಕುಂತೆ. ಅಂವ ಮೌಶಿ ಕೈ ಹಿಡಕೊಂಡು ಹೋದ. ಆಮ್ಯಾಲೆ ಕಪ್ ಹಿಡಕೊಂಡು ಫೋಟೋ ತಗಸಿದಿವಿ. ಅದರಾಗ ನಾ ಚನಬಸಪ್ಪನ ಬಾಜೂಕ ನಿಂತು ಹಲ್ಲು ಕಿಸಿದೇನಿ.