ಗಾದಿ ಚಾಚಾ ಕೇಳಿದ ದನಿ

ಗಾದಿ ಚಾಚಾರ ಹುಬ್ಬಿನ ಮೇಲೆ ಯಾವಾಗಲೂ ಅರಳೆಯ ಎಳೆ ಕೂತಿರುತ್ತಿತ್ತು. ಬೆಟಗೇರಿಯಲ್ಲಿ ನಮ್ಮ ಮನೆಯ ಎದುರಿಗೇ ಅವರ ಗಾದಿ ಅಂಗಡಿ. ದಿನವಿಡೀ ಹತ್ತಿ ಹಿಂಜಿ, ಇನ್ನೂ ನಲವತ್ತಾಗದ ಮನುಷ್ಯ ಮುದುಕನಂತೆ ಕಾಣುತ್ತಿದ್ದರು. ಸಂಜೆ ಮುಖ ತೊಳೆದರೆ ಮತ್ತೆ ಹರೆಯ. ಮಾತು ಕಡಿಮೆ. ಗಿರಾಕಿ ಗಾದಿಯನ್ನು ಒತ್ತಿ ತಿರುವಿ ಪಂಚಾಯ್ತಿ ಹೂಡಿದರೆ, "ಮದಲ ಅದರ ಮ್ಯಾಲೆ ಮಕ್ಕೊಳ್ರಿ, ಆಮ್ಯಾಲೆ ಮಾತಾಡ್ರಿ" ಅನ್ನುತ್ತಿದ್ದರು.

ಅಂಥವರಿಗೂ ಒಂದು ಹುಚ್ಚಿತ್ತು, ನಮ್ಮ ಓಣಿಯ ಆರ್ಕೆಸ್ಟ್ರಾ. ಎಪ್ಪತ್ತರ ದಶಕದ ಕೊನೆ. ಎಲೆಕ್ಟ್ರಿಕ್ ಗಿಟಾರು, ಡ್ರಮ್ಮು, ಮತ್ತು ಚಾಚಾರ ಜೊತೆ ಗೋಲಿಯಾಡಿ ಬೆಳೆದ ಒಬ್ಬ ಹಾಡುಗಾರ. ಹಾಡುಗಳನ್ನು ತಾನೇ ಕಟ್ಟುತ್ತಿದ್ದ. ಪ್ರತಿ ಸಾಲಿನ ಕೊನೆಗೆ ದನಿ ಒಡೆದೇ ಹೋಯಿತು ಅನ್ನುವ ಹಾಗೆ ಎಳೆಯುತ್ತಿದ್ದ, ಆ ಎಳೆತಕ್ಕೆ ಜನ ಪ್ರಾಣ ಬಿಡುತ್ತಿದ್ದರು. ಲಕ್ಷ್ಮೇಶ್ವರ, ಮುಂಡರಗಿ, ಎಲ್ಲಿ ಕಾರ್ಯಕ್ರಮವಿದ್ದರೂ ಓಣಿಯ ಹುಡುಗರು ಲಾರಿ ತುಂಬಿ ಹೊರಡುತ್ತಿದ್ದರು. ವೇದಿಕೆಯ ಮುಂದೆ ಅವರಿಗೆಲ್ಲ ಗಾದಿ ಹಾಸುತ್ತಿದ್ದವರು ಚಾಚಾ.

ಹಾಡುಗಾರ ಕಾಮಣಿಯಾಗಿ, ಕಣ್ಣು ಮೈ ಹಳದಿಗಟ್ಟಿ ತೀರಿಕೊಂಡ. ಅವನ ದನಿಯನ್ನು ಟೇಪು ಮಾಡಿಟ್ಟುಕೊಳ್ಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹುಡುಗರು ಗಡ್ಡ ಬಿಟ್ಟರು, ಅವನಂತೆ ಕೊರಳಿಗೆ ಕೆಂಪು ದಸ್ತಿ ಕಟ್ಟಿಕೊಂಡು ತಿರುಗಿದರು. ಅವನ ಜಾಗಕ್ಕೆ ಆರ್ಕೆಸ್ಟ್ರಾದವರು ನನ್ನನ್ನು ಕರೆದರು. ಮನೆಯ ಮಗ್ಗದ ಮುಂದೆ ಕೂತು ಸೀರೆ ನೇಯುತ್ತ ಅವನ ಹಾಡನ್ನು ಥೇಟ್ ಅವನಂತೆ ಹಾಡುತ್ತಿದ್ದವನು ನಾನು.

ನನ್ನ ಮೊದಲ ಕಾರ್ಯಕ್ರಮ ಮುಳಗುಂದದಲ್ಲಿ. ಕಣ್ಣು ಮುಚ್ಚಿ ಅದೇ ಎಳೆತ ಎಳೆದೆ. ಜನ ಗಳಗಳ ಅತ್ತರು. "ತಿರುಗಿ ಬಂದಾನಲೇ ನಮ್ಮಾಂವ" ಎಂದು ಹುಡುಗರು ನನ್ನನ್ನು ಹೊತ್ತು ಕುಣಿದರು. ನನಗೋ ಸ್ವರ್ಗ ಮೂರೇ ಗೇಣು. ನೋಡಿದರೆ ಚಾಚಾ ಇಲ್ಲ.

ಮರುದಿನ ಅಂಗಡಿಗೆ ಹೋದೆ.

"ಯಾಕ ಚಾಚಾ, ನಡುವ ಎದ್ದು ಹೋದ್ರಿ?"

ಅವರು ಗಾದಿ ಹೊಲಿಯುತ್ತಿದ್ದರು. "ಅವನ ಮಣ್ಣಿಗೆ ಹೆಗಲ ಕೊಟ್ಟಾಂವ ನಾನು. ನೀ ಅವನ ಹಾಂಗ ಹಾಡಿದ್ರ ಆಂವ ಮತ್ತೊಮ್ಮೆ ಸಾಯ್ತಾನ." ದಾರವನ್ನು ಹಲ್ಲಿನಿಂದ ಕಡಿದರು. "ನಿಂದಂತ ಒಂದು ದನಿ ಐತೋ ಇಲ್ಲೋ, ನೋಡ್ಕೋ ತಮ್ಮಾ."

ಮೈಯೆಲ್ಲ ಉರಿಯಿತು. ಚಪ್ಪಾಳೆ ಬಿದ್ದದ್ದು ನನಗೆ, ಇವರಿಗೇನು ಸಂಕಟ? ಆದರೆ ಸಂತೆಯಲ್ಲಿ ಮಂದಿ ನನ್ನನ್ನು ಅವನ ಹೆಸರು ಹಿಡಿದು ಕರೆಯತೊಡಗಿದಾಗ ಆ ಮಾತು ಚುಚ್ಚತೊಡಗಿತು. ನನ್ನ ಹೆಸರು ಯಾರಿಗೂ ಬೇಕಾಗಿರಲಿಲ್ಲ.

ಶಿರಹಟ್ಟಿಯಲ್ಲಿ ಅವನ ಹಾಡನ್ನು ನನ್ನ ದನಿಯಲ್ಲಿ ಹಾಡಿದೆ. ಎಳೆಯಲಿಲ್ಲ, ನೆಟ್ಟಗೆ ಹಾಡಿದೆ. ಮೊದಲು ಗುಸುಗುಸು, ಆಮೇಲೆ ಸೀಟಿ, ಆಮೇಲೆ "ಇಳೀಲೇ ಕೆಳಗ." ನಮ್ಮ ಓಣಿಯವರೇ ಎದ್ದು ಹೊರನಡೆದರು. ಅಷ್ಟಗಲ ಹಾಸಿದ ಗಾದಿಗಳ ಮೇಲೆ ಚಾಚಾ ಒಬ್ಬರೇ ಉಳಿದರು. ಹಾಡು ಮುಗಿಯುವವರೆಗೂ ಕದಲಲಿಲ್ಲ.

"ದೋಸ್ತನ್ನ ಮರತ್ರಿ ಚಾಚಾ. ಇನ್ನ ನಮ್ಮ ಲಾರಿ ಹತ್ತಬ್ಯಾಡ್ರಿ" ಎಂದರು ಹುಡುಗರು.

ಚಾಚಾ ತಾವು ಕೂತಿದ್ದ ಗಾದಿಯೊಂದನ್ನೇ ಸುತ್ತಿ ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿನತ್ತ ನಡೆದರು. ಅಂದಿನಿಂದ ಆ ಹುಡುಗರು ಅವರ ಅಂಗಡಿ ಕಟ್ಟೆ ಹತ್ತಲಿಲ್ಲ. ಹಾಡುಗಾರ ಸತ್ತ ದಿನ ವರ್ಷವರ್ಷ ಓಣಿಯಲ್ಲಿ ಅವನ ಹಾಡು ಹಾಡಿ ಊಟ ಹಾಕುತ್ತಿದ್ದರು, ಚಾಚಾರನ್ನು ಕರೆಯುತ್ತಿರಲಿಲ್ಲ. ಆ ದಿನ ಅವರು ಅಂಗಡಿ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದರು. ನನಗೇನೋ ಮೆಲ್ಲಗೆ ನನ್ನವರೇ ಕೇಳುಗರು ಸಿಕ್ಕರು. ಸೊರಟೂರಿರಲಿ, ಮಲ್ಲಸಮುದ್ರವಿರಲಿ, ನಾನು ಹಾಡಿದಲ್ಲೆಲ್ಲ ಚಾಚಾ ಬಂದು ಒಂದು ಮೂಲೆಯಲ್ಲಿ ಕೂತು ಕೇಳಿ, ಮಾತಾಡಿಸದೆ ಹೋಗುತ್ತಿದ್ದರು. ನಾನು ನಾನಾದದ್ದಕ್ಕೆ ಅವರು ಒಂಟಿಯಾದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅರಳೆಯ ಧೂಳು ಎದೆಗಿಳಿದು ಹಾಸಿಗೆ ಹಿಡಿದರು. ತೀರಿಕೊಳ್ಳುವುದಕ್ಕೆ ಸ್ವಲ್ಪ ದಿನ ಮೊದಲು ನನ್ನನ್ನು ಹತ್ತಿರ ಕೂರಿಸಿಕೊಂಡು, "ಒಂದು ಸಲ ಅವನ ಹಾಂಗ ಹಾಡ್ತೀಯೇನು ತಮ್ಮಾ? ಅವನ ದನಿ ನನಗ ನೆನಪಾಗವಲ್ದು" ಎಂದರು.

ಹಾಡಿದೆ. ಸಾಲಿನ ಕೊನೆ ಬಂತು, ಎಳೆದೆ. ಬಂದದ್ದು ನನ್ನ ದನಿಯೇ. ಮತ್ತೆ ಹಾಡಿದೆ. ಗಂಟಲು ನೋಯುವವರೆಗೂ ಹಾಡಿದೆ. ಇಡೀ ಗದಗ-ಬೆಟಗೇರಿಯಲ್ಲಿ ಅವನ ದನಿಯನ್ನು ಎತ್ತಬಲ್ಲವನು ನಾನೊಬ್ಬನೇ ಇದ್ದೆ, ಚಾಚಾರ ಮಾತು ಕೇಳಿ ನಾನೂ ಅದನ್ನು ಕಳೆದುಕೊಂಡಿದ್ದೆ.

"ಚೊಲೋ ಹಾಡ್ತಿ," ಎಂದರು ಚಾಚಾ. ನನ್ನ ಕೈ ತಟ್ಟಿ, ಗೋಡೆಯ ಕಡೆ ಮಗ್ಗುಲಾದರು.