ಮುತ್ತಾತನ ಮಗಳ ಹೆಸರು

ಅಪ್ಪ ತೀರಿಕೊಂಡ ಮೇಲೆ ಕುದೇರಿನ ಹತ್ತಿರದ ಅರಿಶಿನದ ಹೊಲ ನನ್ನ ಪಾಲಿಗೆ ಬಂತು. ಬಂತು ಅನ್ನುವುದಕ್ಕಿಂತ ಉಳಿಯಿತು ಅನ್ನಬೇಕು. ನಾನು ಒಬ್ಬಳೇ ಮಗಳು. ಮದುವೆಯಾಗಲಿಲ್ಲ. ಚಾಮರಾಜನಗರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾಗಿದ್ದೆ. ಪಹಣಿ ತೆಗೆಸಿ ನೋಡಿದರೆ ಜಮೀನು ಇನ್ನೂ ನನ್ನ ಮುತ್ತಾತನ ಹೆಸರಿನಲ್ಲೇ ಇತ್ತು. ಖಾತೆ ನನ್ನ ಹೆಸರಿಗೆ ಆಗಬೇಕಾದರೆ ಅವನಿಂದ ನನ್ನವರೆಗೆ ವಂಶವೃಕ್ಷ ಬೇಕು ಎಂದು ಸಂತೆಮರಹಳ್ಳಿಯ ಕಚೇರಿಯಲ್ಲಿ ಹೇಳಿದರು.

ಮನೆತನಗಳ ಗೆರೆ ಎಳೆಯುವುದು ನನಗೆ ಹೊಸದೇನಲ್ಲ. ಮಧ್ಯಯುಗದ ಇಂಗ್ಲೆಂಡಿನ ಜಮೀನುದಾರ ಕುಟುಂಬಗಳ ವಂಶಾವಳಿಯನ್ನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಆಸ್ತಿ ಹಿರಿಯ ಮಗನಿಗೆ. ಗಂಡುಮಕ್ಕಳಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ, ಅವರಿಂದ ಇನ್ನೊಂದು ಮನೆತನಕ್ಕೆ. ಗೆರೆ ನಿಂತ ಕಡೆ ‘ಸಂತಾನವಿಲ್ಲ’ ಎಂದು ಬರೆದು ಮುಂದಕ್ಕೆ ಹೋಗುತ್ತಿದ್ದೆ. ಈಗ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ನಮ್ಮ ಮನೆಯ ಗೆರೆಗಳನ್ನು ಎಳೆಯುತ್ತ ಬಂದೆ. ಕೊನೆಗೆ ನನ್ನ ಹೆಸರು. ಅದರ ಕೆಳಗೆ ಬರೆಯುವುದಕ್ಕೆ ಏನೂ ಇರಲಿಲ್ಲ. ಎದ್ದು ಕಾಫಿ ಮಾಡಿಕೊಂಡೆ. ಅದನ್ನು ಕುಡಿಯಲು ಮನಸ್ಸಾಗಲಿಲ್ಲ.

ತಾತನಿಗೆ ಒಬ್ಬಳು ತಂಗಿಯಿದ್ದಳು. ಅರಿಶಿನದ ಗಾಡಿ ಹೊಡೆಯುತ್ತಿದ್ದ ಬೇರೆ ಜಾತಿಯವನನ್ನು ಕಟ್ಟಿಕೊಂಡು ಗುಂಡ್ಲುಪೇಟೆ ಕಡೆಗೆ ಹೋದವಳು. ಮನೆಯಲ್ಲಿ ಅವಳ ಮಾತೆತ್ತುತ್ತಿರಲಿಲ್ಲ. ಅವಳ ಹೆಸರನ್ನೂ ಸೇರಿಸುತ್ತೇನೆ ಅಂದಾಗ ಕಚೇರಿಯ ಅಧಿಕಾರಿ ಸಮಾಧಾನದಿಂದಲೇ ಹೇಳಿದರು: “ಸೇರಿಸಬೇಕಾದ್ದೇ ಮೇಡಂ. ಆದರೆ ಅವರ ಮಕ್ಕಳು ಇದ್ದರೆ ಅವರೂ ಬಂದು ಹೇಳಿಕೆ ಕೊಡಬೇಕು. ಹುಡುಕ್ತೀರಾ?”

ಹುಡುಕಿದೆ. ಗುಂಡ್ಲುಪೇಟೆಯಲ್ಲಿ ಅವರಿವರನ್ನು ವಿಚಾರಿಸುತ್ತ ಹೋಗಿ, ಕೇರಳದ ರಸ್ತೆಯ ಪಕ್ಕದ ಚೆಂಡುಹೂವಿನ ಹೊಲವೊಂದಕ್ಕೆ ಬಂದು ನಿಂತೆ. ತಾತನ ತಂಗಿಯ ಮಗಳು ಅಲ್ಲಿದ್ದಳು. ಎಂಬತ್ತರ ಹತ್ತಿರದ ಮುದುಕಿ. ಕಾರು ನಿಲ್ಲಿಸಿ ಹೂವಿನ ನಡುವೆ ಫೋಟೊ ತೆಗೆಸಿಕೊಳ್ಳುತ್ತಿದ್ದವರನ್ನು ಮಲಯಾಳದಲ್ಲಿ ಗದರುತ್ತಿದ್ದಳು. ನಾನು ಯಾರೆಂದು ಹೇಳಿದೆ. ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು.

“ಸೈನ್ ಆಕಸ್ಕೊಂಡೋಗಕ್ ಬಂದ್ಯಾ?”

“ಇಲ್ಲ. ನಿಮ್ಮವ್ವನ ಹೆಸರು ಬರೆಸಬೇಕು ಅಂತ ಬಂದೆ. ನಿಮಗೂ ಪಾಲು ಬರುತ್ತೆ.”

ಅವಳು ಬದುವಿನ ಮೇಲೆ ಕೂತಳು. ನಾನೂ ಕೂತೆ. ತನ್ನ ಅಜ್ಜ, ಅಂದರೆ ನನ್ನ ಮುತ್ತಾತ, ಸತ್ತ ದಿನದ ಕಥೆ ಹೇಳಿದಳು.

“ಅವ್ವ ನನ್ನ ಸೊಂಟದ್ ಮ್ಯಾಲೆ ಕೂರಿಸ್ಕೊಂಡು ಓಗಿತ್ತಂತೆ. ಒಸ್ಲು ದಾಟಕ್ ಬುಡ್ಲಿಲ್ಲ. ಅರಿಶಿಣದ್ ಒಲ್ದಲ್ಲಿ ನಿಂತ್ಕಂಡು ಎಣ ಓಗದ್ ನೋಡ್ತಂತೆ. ಅಷ್ಟೆಯಾ. ಸಾಯೋಗಂಟ ತವರು ಅಂದ್ರೆ ಆ ಒಲನೇ ಯೋಳದು.”

ಹೊಸ್ತಿಲ ಒಳಗೆ ನಿಂತು ತಡೆದವನು ನನ್ನ ತಾತ. ಅವನ ತೊಡೆಯ ಮೇಲೆ ಕೂತು ನಾನು ಕಡ್ಲೆಪುರಿ ತಿಂದಿದ್ದೇನೆ.

“ನಿಂಗೆಷ್ಟು ಮಕ್ಳು?” ಅಂದಳು.

“ಯಾರೂ ಇಲ್ಲ. ನಾನೊಬ್ಬಳೇ.”

“ಅಯ್ಯೋ ಮಗಾ,” ಅಂದಳು. ಬದುವಿನ ಹುಲ್ಲು ಕಿತ್ತು ಪಕ್ಕಕ್ಕೆ ಎಸೆಯುತ್ತ ಕೂತಳು. ಕೊನೆಗೆ, “ಅವ್ವನ್ ಎಸ್ರು ಬರಸು. ನಂಗ್ ಪಾಲು ಬ್ಯಾಡ. ಪಾಲು ಅಂದ್ರೆ ನನ್ ಮಕ್ಳು ಎದ್ ಕೂತ್ಕತವೆ, ಕೋರ್ಟು ಕಚೇರಿ ಅಂತವೆ. ಆಮೇಕೆ ನೀನು ಈ ಕಡೀಕೆ ಬರಕಿಲ್ಲ,” ಅಂದಳು.

ಹೇಳಿಕೆ ಕೊಡಲು ಗೊತ್ತು ಮಾಡಿದ ದಿನ ಅವಳೇ ಬಸ್ಸಿನಲ್ಲಿ ಸಂತೆಮರಹಳ್ಳಿಗೆ ಬಂದಳು. ಕಚೇರಿಗಿಂತ ಮೊದಲು ಹೊಲ ತೋರಿಸು ಅಂದಳು. ಆಟೋ ಮಾಡಿಕೊಂಡು ಹೋದೆವು. ಗಿಡಗಳು ಮೊಣಕಾಲೆತ್ತರ ಬಂದಿದ್ದವು. ಅವಳು ಚಪ್ಪಲಿ ಬಿಟ್ಟು ಒಳಗೆ ನಡೆದು, ಎಲೆಯೊಂದನ್ನು ಹರಿದು ಮೂಸಿದಳು. “ಅವ್ವ ಎಲ್ ನಿಂತಿತ್ತೋ ಏನೋ,” ಅಂತ ಸುತ್ತಲೂ ನೋಡಿದಳು. ಎಲ್ಲಿ ಅಂತ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದವರೆಲ್ಲ ಹೋಗಿಯಾಗಿತ್ತು.

ಕಚೇರಿಯಲ್ಲಿ ಅಧಿಕಾರಿ ನನ್ನ ಕಡೆ ಬೆರಳು ತೋರಿಸಿ, “ಇವರು ನಿಮಗೆ ಏನಾಗಬೇಕು ಅಜ್ಜಿ?” ಎಂದು ಕೇಳಿದರು.

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸೋದರಮಾವನ ಮಗ ನನ್ನ ಅಪ್ಪ. ನಮ್ಮಲ್ಲಿ ಅವನಿಗೂ ಅವಳಿಗೂ ಮದುವೆಯಾಗಬಹುದಾದ ವಾವೆ. “ಮಗಳಾಗ್ಬೇಕು,” ಅಂದಳು. ಅದು ಬರೀ ವಾವೆಯ ಲೆಕ್ಕ, ನಮ್ಮ ಕಡೆ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ಆದರೂ ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅಪ್ಪನೂ ಅವ್ವನೂ ಹೋದ ಮೇಲೆ ನನ್ನನ್ನು ಯಾರೂ ಆ ಮಾತಿನಿಂದ ಗುರುತಿಸಿರಲಿಲ್ಲ.

ಮನೆಗೆ ಬಂದು ಒಂದು ರಾತ್ರಿ ಇದ್ದು ಹೋಗಿ ದೊಡ್ಡವ್ವ ಅಂತ ಕರೆದೆ. ಹೂವು ಕೊಯ್ಯುವ ಆಳುಗಳು ಬರುತ್ತಾರೆ ಅಂದು ಬಸ್ಸು ಹತ್ತಿದಳು.

ಪಾಲು ಬೇಡವೆಂದು ಅವಳು ಬರೆದುಕೊಟ್ಟಿದ್ದರಿಂದ ಖಾತೆ ನನ್ನ ಹೆಸರಿಗೆ ಆಯಿತು. ವಂಶವೃಕ್ಷದಲ್ಲಿ ಮುತ್ತಾತನ ಕೆಳಗೆ ಮಗನ ಹೆಸರೂ ಮಗಳ ಹೆಸರೂ ಪಕ್ಕಪಕ್ಕದಲ್ಲಿ ಬಂದವು. ಅರಿಶಿನ ಕಿತ್ತಾಗ ಒಂದು ಚೀಲ ತೆಗೆದುಕೊಂಡು ಗುಂಡ್ಲುಪೇಟೆಗೆ ಹೋದೆ. ಮನೆಗೆ ಬೀಗ ಹಾಕಿತ್ತು. ಮಂಡಿ ನೋವು ಜೋರಾಗಿ ವಯನಾಡಿನ ಮಗಳ ಮನೆಗೆ ಹೋಗಿದ್ದಾಳೆ ಎಂದು ಪಕ್ಕದ ಮನೆಯವರು ಹೇಳಿ, ಅಲ್ಲಿಗೆ ಫೋನ್ ಮಾಡಿಕೊಟ್ಟರು.

“ಯಾರು?” ಅಂದಳು. ಕಿವಿ ಮಂದವಾಗಿತ್ತು. ಹೆಸರು ಹೇಳಿದೆ, ತಿಳಿಯಲಿಲ್ಲ. ಊರು ಹೇಳಿದೆ. ನಿಮ್ಮ ಸೋದರಮಾವನ ಮೊಮ್ಮಗಳು ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಆ ಕಡೆ ಯಾರೋ ಹೆಂಗಸು ಮಲಯಾಳದಲ್ಲಿ ಏನೋ ಕೇಳಿದಳು, ಲೈನು ಹೋಯಿತು.

ಚೀಲವನ್ನು ಪಕ್ಕದ ಮನೆಯಲ್ಲಿ ಕೊಟ್ಟು, ಚಾಮರಾಜನಗರದ ಬಸ್ಸಿಗೆ ಕಾಯುತ್ತ ನಿಂತೆ.