ಜಾಬರಣ್ಣನ ಕರಾಟೆ ಪಿಚ್ಚರುಗಳು

ಅವರ ಎಡ ಅಂಗೈಯಲ್ಲಿ ಗೆರೆಗಳೇ ಕಾಣುತ್ತಿರಲಿಲ್ಲ. ಮಗ್ಗದ ಎಣ್ಣೆಯೂ ಹತ್ತಿಯ ಧೂಳೂ ಇಪ್ಪತ್ತು ವರ್ಷ ಮೆತ್ತಿ ಮೆತ್ತಿ ಅದು ಕರ್ರಗೆ, ನುಣ್ಣಗೆ ಆಗಿಬಿಟ್ಟಿತ್ತು. ಕೆಟ್ಟ ಮಗ್ಗದ ಹತ್ತಿರ ಬಂದರೆ ಆ ಕೈಯನ್ನು ಅದರ ಚೌಕಟ್ಟಿನ ಮೇಲಿಟ್ಟು, ಮಗುವಿನ ಜ್ವರ ನೋಡುವವರ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ಬಲಗೈಗೆ ನಟ್ಟು ತಿರುಗಿಸುವ ಪಾನಾ ತೆಗೆದುಕೊಂಡು ಸೀದಾ ಕೆಟ್ಟ ಜಾಗಕ್ಕೇ ಹೋಗುತ್ತಿದ್ದರು. ಬೇರೆಯವರು ಮಗ್ಗಕ್ಕೆ ಕಿವಿ ಕೊಟ್ಟು ಸದ್ದಿನಲ್ಲೇ ರೋಗ ಹಿಡಿಯುತ್ತಿದ್ದರು. ಇವರದು ಕೈ. ಅದು ಅವರ ಸ್ಟೈಲು ಅಂತ ನಾವೆಲ್ಲ ತಿಳಿದಿದ್ದೆವು.

ಇದು ಎಂಬತ್ತರ ದಶಕದ ದಾವಣಗೆರೆಯ ಮಾತು. ನನಗೆ ಇಪ್ಪತ್ತೆರಡು ವರ್ಷ, ಹತ್ತಿ ಮಿಲ್ಲಿನ ನೇಯ್ಗೆ ವಿಭಾಗದಲ್ಲಿ ಹೊಸ ಕೆಲಸಗಾರ. ಒಂದಿಷ್ಟು ಮಗ್ಗಗಳ ರಿಪೇರಿಯನ್ನೂ ಅವುಗಳ ಮುಂದೆ ನಿಂತವರ ಮೇಲುಸ್ತುವಾರಿಯನ್ನೂ ನೋಡಿಕೊಳ್ಳುವವರಿಗೆ ಜಾಬರ್ ಅನ್ನುತ್ತಿದ್ದರು. ನನ್ನ ಸಾಲಿನ ಜಾಬರ್ ಇವರು. ನಾನು ಜಾಬರಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಅನ್ನುತ್ತಿದ್ದರು. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಆ ಶೆಡ್ಡಿನಲ್ಲಿ ಕೂಗಿದರೂ ಪ್ರಯೋಜನವಿರಲಿಲ್ಲ. ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುವುದು, ಉಳಿದದ್ದಕ್ಕೆ ಕೈಸನ್ನೆ. ಟೀ ಅಂದರೆ ಹೆಬ್ಬೆರಳು ಬಾಯಿಗೆ. ವಿಭಾಗದ ಮೇಲಧಿಕಾರಿ ಮಾಸ್ಟರ್ ಬಂದರು ಅಂದರೆ ಮೀಸೆ ತಿರುವುವುದು. ಶನಿವಾರ ಸಂಜೆ ಜಾಬರಣ್ಣ ದೂರದಿಂದ ನನ್ನ ಕಡೆ ನೋಡಿ ಒಂದು ಅಂಗೈ ಮೇಲೆ ಇನ್ನೊಂದು ಕೈಯನ್ನು ಕೊಡಲಿಯಂತೆ ಹೊಡೆದರೆ, ನಾಳೆ ಕರಾಟೆ ಪಿಚ್ಚರ್ ಅಂತ ಅರ್ಥ.

ಆ ಪಿಚ್ಚರುಗಳನ್ನು ಈಗಿನವರು ನೋಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಚೀನಾದ ಜನ, ಬಾಯಿಗೆ ಆಮೇಲೆ ಕೂಡಿಸಿದ ಇಂಗ್ಲಿಷು. ಸಾವಿರ ವರ್ಷದ ಹಿಂದಿನ ಕಥೆ, ಆದರೆ ಆಶ್ರಮದ ಗೋಡೆ ಮೇಲೆ ಕರೆಂಟಿನ ವೈರು. ಗುರುಗಳ ಬಿಳಿ ಗಡ್ಡ ಒಂದು ಒದೆಗೆ ಕಿತ್ತು ಕಿವಿಯಿಂದ ಜೋತಾಡುವುದು. ಒಂದೇ ಗೋಡೆ ಮೂರು ಪಿಚ್ಚರಿನಲ್ಲಿ ಒಡೆಯುವುದು. ಖಾಲಿ ಕೈ ಬೀಸಿದರೂ ಒದ್ದೆ ಸೀರೆ ಕೊಡವಿದಂಥ ಸದ್ದು. ಆ ಸದ್ದಿಗೆ ಟಾಕೀಸಿಗೆ ಟಾಕೀಸೇ ನಗುತ್ತಿತ್ತು, ಜಾಬರಣ್ಣ ಮಾತ್ರ ನಗುತ್ತಿರಲಿಲ್ಲ. ಅವರು ನಗುತ್ತಿದ್ದದ್ದು ಬೇರೆಯದಕ್ಕೆ. ಇಪ್ಪತ್ತು ಜನ ಖಳರು ಸುತ್ತುಗಟ್ಟಿ ನಿಂತು, ಒಬ್ಬೊಬ್ಬರೇ ಬಂದು ಹೊಡೆಸಿಕೊಂಡು ಹೋಗುವಾಗ ನನ್ನ ತೊಡೆಗೆ ಗುದ್ದುತ್ತಿದ್ದರು.

"ನೋಡ್ಲೇ ತಮ್ಮಾ, ಸೀಮೆಎಣ್ಣೆ ಕ್ಯೂ ನಿಂತಂಗೆ ನಿಂತಾರೆ. ಒಬ್ನಾದ್ರು ನುಗ್ತಾನೇನು?"

ದಾವಣಗೆರೆಯ ಟಾಕೀಸಿನಿಂದ ಎತ್ತಿದ ಪಿಚ್ಚರು ಕೆಲವು ವಾರದ ಮೇಲೆ ಹರಿಹರಕ್ಕೆ ಹೋಗುತ್ತಿತ್ತು. ಇಷ್ಟವಾಗಿದ್ದರೆ ಬಸ್ಸು ಹತ್ತಿ ಅಲ್ಲಿಗೂ ಹೋಗುತ್ತಿದ್ದೆವು. ಒಂದು ಸಲ ಅಲ್ಲಿನ ಆಪರೇಟರ್ ರೀಲುಗಳನ್ನು ಹಿಂದುಮುಂದು ಮಾಡಿಬಿಟ್ಟ. ಸತ್ತು ಮಣ್ಣಾದ ಗುರು ಇಂಟರ್ವಲ್ ಆದಮೇಲೆ ಎದ್ದು ಬಂದು ನೂಡಲ್ಸು ತಿನ್ನುತ್ತಾ ಕೂತ. ಜನ ತಬ್ಬಿಬ್ಬಾದರು. ಜಾಬರಣ್ಣ ಒಂದಿಷ್ಟೂ ಅಲುಗಾಡಲಿಲ್ಲ. "ಇವ್ನು ಅವನ ಅಣ್ಣ. ಮೊನ್ನೆ ದಾವಣಗೆರೆಯಾಗೆ ಈ ಭಾಗ ಕಟ್ ಮಾಡಿದ್ರು" ಅಂದರು. ಸೋಮವಾರ ಮಿಲ್ಲಿನ ಗೇಟಿನ ಮುಂದೆ ಮಂಡಕ್ಕಿ ತಿನ್ನುತ್ತಾ ಹತ್ತು ಜನರಿಗೆ ಆ ಅಣ್ಣನ ಕಥೆ ಹೇಳಿದರು. ಇಂಗ್ಲಿಷು ಯಾರಿಗೆ ಬರಬೇಕು, ಯಾರೂ ಎದುರು ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ ಪಿಚ್ಚರಿಗಿಂತ ಅವರ ಕಥೆಯೇ ಚೆನ್ನಾಗಿತ್ತು.

ಹರಿಹರದಲ್ಲೇ ಇನ್ನೊಂದು ಭಾನುವಾರ, ಮ್ಯಾಟಿನಿ. ಕೊನೆಯ ಹೊಡೆದಾಟ ಶುರುವಾಗುವ ಹೊತ್ತಿಗೆ ಸೌಂಡು ಹೋಯಿತು. ತೆರೆಯ ಮೇಲೆ ಚಿತ್ರ ಓಡುತ್ತಿದೆ, ಸದ್ದು ಇಲ್ಲ. ಶಿಳ್ಳೆ, ಬೈಗುಳ, ಕುರ್ಚಿ ಬಡಿಯುವುದು, "ಸೌಂಡ್, ಸೌಂಡ್" ಎಂಬ ಕೂಗು. ನಾನೂ ಕೂಗಿದೆ. ಪಕ್ಕಕ್ಕೆ ತಿರುಗಿದರೆ ಜಾಬರಣ್ಣ ಮುಂದಕ್ಕೆ ಬಾಗಿ, ಗದ್ದಕ್ಕೆ ಕೈ ಕೊಟ್ಟು, ನಗುನಗುತ್ತಾ ನೋಡುತ್ತಿದ್ದಾರೆ. ಮುಂದಿನ ಸಾಲಿನವರು ಎದ್ದು ನಿಂತು ಅಡ್ಡವಾದ ಮೇಲೆ ನನ್ನ ತೋಳು ಜಗ್ಗಿದರು.

"ಯಾಕ ಎದ್ರು ಎಲ್ಲಾರು? ಪಿಚ್ಚರ್ ಓಡ್ತಾ ಐತಲ್ಲ."

ನಾನು ಅವರ ಮುಖವನ್ನೇ ನೋಡಿದೆ. ಅವರೂ ನನ್ನ ಮುಖ ನೋಡಿದರು. ಮುಖ ಓದುವುದರಲ್ಲಿ ಅವರು ನನಗಿಂತ ಚುರುಕು. ನಗು ಹಾಗೇ ಇಳಿದುಹೋಯಿತು. ಆಮೇಲೆ ಸೌಂಡು ಬಂತು, ಪಿಚ್ಚರು ಮುಗಿಯಿತು, ನಾವಿಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದೆವು.

ಬಸ್ಸಿನಲ್ಲಿ ಅವರೇ ಹೇಳಿದರು. ಕಿವಿ ಹೋಗಿ ಆರು ವರ್ಷವಾಗಿತ್ತು. ಮಗ್ಗದ ಸದ್ದೇ ತಿಂದದ್ದು. ಹೆಂಡತಿಗೆ ಗೊತ್ತು, ಇನ್ನು ಯಾರಿಗೂ ಇಲ್ಲ. ಕಿವಿ ಕೇಳದವನನ್ನು ಮಿಲ್ಲಿನಲ್ಲಿ ಜಾಬರಾಗಿ ಇಟ್ಟುಕೊಳ್ಳುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

"ಶೆಡ್ಡಿನಾಗೆ ಯಾರ್ಗೂ ಕೇಳಂಗಿಲ್ಲ, ಅದ್ಕೆ ನಾನೂ ಎಲ್ಲಾರಂಗೆ. ಕನ್ನಡ ಪಿಚ್ಚರಿಗೆ ಹೋದ್ರೆ ಜನ ನಗ್ತಾರೆ, ಯಾಕ ನಕ್ರು ಅಂತ ನಾನು ಅವರ ಮುಖ ನೋಡ್ಕಂತ ಕುಂದ್ರಬೇಕು. ಈ ಕರಾಟೆ ಪಿಚ್ಚರಿನ ಮಾತು ಯಾರ್ಗೂ ತಿಳಿಯಂಗಿಲ್ಲ. ಎರಡು ತಾಸು ಎಲ್ಲಾರೂ ಒಂದೇ. ಯಾರ್ಗೂ ಹೇಳ್ಬ್ಯಾಡ ತಮ್ಮಾ."

ಹೇಳುವುದಿಲ್ಲ ಅಂತ ತಲೆಯಾಡಿಸಿದೆ. ಒಂದೂವರೆ ವರ್ಷ ಹೇಳಲೂ ಇಲ್ಲ. ಅಲ್ಲಿಂದ ಮುಂದೆ ನಾವಿಬ್ಬರೂ ಇನ್ನೂ ಹತ್ತಿರವಾದೆವು. ಟೀ ಅಂಗಡಿಯಲ್ಲಿ ಯಾರಾದರೂ ಹಿಂದಿನಿಂದ ಅವರನ್ನು ಕರೆದರೆ ನಾನು ಮೊಣಕೈಯಲ್ಲಿ ತಿವಿಯುತ್ತಿದ್ದೆ, ಅವರು ತಿರುಗುತ್ತಿದ್ದರು. ಅಷ್ಟು ದೊಡ್ಡವರ ಗುಟ್ಟೊಂದು ನನ್ನ ಹತ್ತಿರ ಇದೆ ಎಂಬ ಹೆಮ್ಮೆಯೂ ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ನಾನು ಎಲ್ಲ ಕಡೆಯೂ ಜೊತೆಗಿರಲು ಆಗುತ್ತದೆಯೇ? ಗುಸುಗುಸು ಶುರುವಾಯಿತು. ಒಂದು ಮಧ್ಯಾಹ್ನ ನೇಯ್ಗೆ ಮಾಸ್ಟರ್ ನನ್ನನ್ನು ಒಳಗೆ ಕರೆದರು. ಇಡೀ ಶೆಡ್ಡು ಕಾಣಲೆಂದು ಅವರ ಕೋಣೆಗೆ ಮೂರು ಕಡೆ ಗಾಜು ಹಾಕಿದ್ದರು. ಬಾಗಿಲು ಮುಚ್ಚಿಸಿ ಕೇಳಿದರು.

"ನಿಮ್ಮ ಜಾಬರ್‌ಗೆ ಕಿವಿ ಕೇಳಲ್ವಂತೆ, ಹೌದೇನಪ್ಪ? ನೀನು ಅವರ ಜೊತೆಗೇ ತಿರುಗ್ತೀಯ. ವಿಚಾರ ಮಾಡಿ ಹೇಳು. ಅವರ ಜಾಗ ಖಾಲಿಯಾದ್ರೆ ಅಲ್ಲಿಗೆ ಕೆಲಸ ಬಲ್ಲವನೊಬ್ಬ ಬೇಕಾಗ್ತಾನೆ."

ನನಗೆ ಮದುವೆಯಾಗಿ ಎರಡು ತಿಂಗಳಾಗಿತ್ತು. ಹೆದರಿಕೆ ಇತ್ತೋ ಆಸೆ ಇತ್ತೋ, ಎರಡೂ ಇದ್ದವು. "ಕೇಳಂಗಿಲ್ಲ ಸರ್. ಬಾಳ ವರ್ಷ ಆತು" ಅಂದೆ. ಇಷ್ಟೇ. ಅರ್ಧ ನಿಮಿಷದ ಮಾತು.

ಅವರನ್ನು ಬಟ್ಟೆ ಮಡಚುವ ಕೋಣೆಗೆ ಹಾಕಿದರು. ಕೆಲಸ ಹಗುರ, ಕೂತು ಮಾಡುವಂಥದ್ದು. ಉಪಕಾರ ಮಾಡಿದೆವು ಅಂತಲೇ ಮಾಸ್ಟರ್ ತಿಳಿದಿದ್ದರು. ಆ ಕೋಣೆಯಲ್ಲಿ ಮಗ್ಗ ಇರಲಿಲ್ಲ, ಸದ್ದಿರಲಿಲ್ಲ. ಹತ್ತು ಹನ್ನೆರಡು ಜನ ಸುತ್ತ ಕೂತು ದಿನವಿಡೀ ಹರಟೆ ಹೊಡೆಯುತ್ತಾ ಬಟ್ಟೆ ಮಡಚುತ್ತಿದ್ದರು. ತಲೆ ಬಗ್ಗಿಸಿ ಮಡಚುವವರ ತುಟಿ ಕಾಣುವುದಿಲ್ಲ. ಆ ಮಾತಿನ ನಡುವೆ ಅವರು ಒಬ್ಬರೇ ಸುಮ್ಮನೆ ಕೂತಿರುತ್ತಿದ್ದರು. ಕಿವುಡಪ್ಪ ಎಂಬ ಹೆಸರು ಒಂದೇ ವಾರದಲ್ಲಿ ಬಿತ್ತು. ಅವರ ಸಾಲಿಗೆ ನಾನು ಜಾಬರಾದೆ.

ಮರುಭಾನುವಾರ ಅವರು ನಿಟ್ಟುವಳ್ಳಿಯ ನಮ್ಮ ಮನೆ ಮುಂದೆ ಬಂದು ನಿಂತರು. ಒಗೆದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ನಾನು ಕಿಟಕಿಯಿಂದ ನೋಡಿ ಒಳಕೋಣೆಗೆ ಸೇರಿಕೊಂಡು, ಇಲ್ಲ ಅಂತ ಹೇಳು ಎಂದು ಹೆಂಡತಿಗೆ ಸನ್ನೆ ಮಾಡಿದೆ. "ಮನ್ಯಾಗಿಲ್ರಿ, ನಮ್ಮ ತವರಿಗೆ ಹೋಗ್ಯಾರೆ" ಅಂತ ಅವಳು ಎರಡು ಸಲ ಹೇಳಬೇಕಾಯಿತು. ಅವರು ತಲೆಯಾಡಿಸಿ ಹೋದರು. ಇನ್ನೂ ಎರಡು ಭಾನುವಾರ ಬಂದರು, ಆಮೇಲೆ ಬರಲಿಲ್ಲ. ಹೇಳಿದ್ದು ನಾನೇ ಅಂತ ಪಾಪ, ಅವರಿಗೇನು ಗೊತ್ತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕೆಲವು ವರ್ಷಕ್ಕೆ ಮಿಲ್ಲೇ ಮುಚ್ಚಿತು. ನಾನು ಕಸಿದುಕೊಂಡ ಜಾಬರ್‌ಗಿರಿ ಅಷ್ಟರಲ್ಲೇ ಮುಗಿಯಿತು. ಒಂದು ಅಕ್ಕಿ ಗಿರಣಿ ಸೇರಿದೆ, ಮಕ್ಕಳು ದೊಡ್ಡವರಾದರು, ಹೆಂಡತಿ ತೀರಿಕೊಂಡಳು. ಜಾಬರಣ್ಣ ಊರು ಬಿಟ್ಟು ಮಗಳ ಮನೆ ಸೇರಿದರು ಅಂತ ಕೇಳಿದ್ದೆ, ವಿಳಾಸ ಕೇಳಲು ಮಾತ್ರ ಹೋಗಲಿಲ್ಲ. ಹೋದ ವರ್ಷ ಹೊತ್ತು ಹೋಗದೆ ಫೋನಿನಲ್ಲಿ ಏನೋ ಒತ್ತುತ್ತಿದ್ದಾಗ ನಮ್ಮ ಹಳೆಯ ಪಿಚ್ಚರೊಂದು ಸಿಕ್ಕಿತು. ಗುರುಗಳ ಗಡ್ಡ ಕಿವಿಯಿಂದ ಜೋತಾಡಿತು. ನಗು ಬರಬೇಕಾಗಿತ್ತು, ಅಳು ಬಂತು. ಪಕ್ಕಕ್ಕೆ ತಿರುಗಿ ನೋಡು ನೋಡು ಅನ್ನೋಣವೆಂದರೆ ಮನೆಯಲ್ಲಿ ಯಾರಿದ್ದಾರೆ?

ಹಳೇ ಮಿಲ್ಲಿನವರೊಬ್ಬರನ್ನು ಹಿಡಿದು ವಿಳಾಸ ಕೇಳಿದೆ. ಹರಿಹರ ದಾಟಿ ಗುತ್ತೂರಿನ ದಾರಿಯಲ್ಲಿ ಮಗಳ ಮನೆ. ಅಳಿಯ ಅಲ್ಲೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋದೆ. ಮಗಳು ಬಾಗಿಲು ತೆಗೆದಳು.

"ಬರ್ರಿ, ಕೂಡ್ರಿ. ಅಪ್ಪಾರಿಗೆ ಕೂಗಿ ಹೇಳ್ಬ್ಯಾಡ್ರಿ, ಎದುರಿಗೆ ಕುಂತು ನಿಧಾನಕ್ಕೆ ಹೇಳ್ರಿ. ಬಾಯಿ ನೋಡಿ ತಿಳ್ಕಂತಾರೆ."

ಎಂಬತ್ತು ದಾಟಿದ ಸಣ್ಣ ಮುದುಕ, ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ. ನೋಡಿದ ತಕ್ಷಣ ಗುರುತು ಹಿಡಿದರು. "ತಮ್ಮಾ, ಕೂದ್ಲು ಎಲ್ಲಿ ಹೋದ್ವೋ?" ಅಂದರು. ಫೋನು ತೆಗೆದು ಪಿಚ್ಚರು ಹಾಕಿದೆ. ಈಗ ಆ ಚೀನಾದವರು ಹಿಂದಿ ಮಾತಾಡುತ್ತಿದ್ದರು, ನಾನು ಸೌಂಡು ಪೂರ್ತಿ ಬಂದ್ ಮಾಡಿಬಿಟ್ಟೆ. ಇಬ್ಬರೂ ತಲೆಗೆ ತಲೆ ಹಚ್ಚಿ ಅಷ್ಟು ಸಣ್ಣ ತೆರೆಯಲ್ಲಿ ನೋಡಿದೆವು. ಖಳರು ಸುತ್ತುಗಟ್ಟಿ ನಿಂತಾಗ ಅವರು ನನ್ನ ತೊಡೆಗೆ ಗುದ್ದಿದರು. ಗುದ್ದಿನಲ್ಲಿ ಶಕ್ತಿ ಇರಲಿಲ್ಲ.

ಮುಗಿದ ಮೇಲೆ ಕುರ್ಚಿಯನ್ನು ಅವರ ಎದುರಿಗೆ ಎಳೆದುಕೊಂಡೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು, ಒಂದೊಂದೇ ಮಾತು ಬಿಡಿಸಿ, ತುಟಿ ಕಾಣುವಂತೆ ಹೇಳಿದೆ. "ಅಣ್ಣಾ, ಮಾಸ್ಟರ್‌ಗೆ ಹೇಳ್ದೋನು ನಾನು."

"ಗೊತ್ತು" ಅಂದರು. "ಗಾಜಿನ ಕೋಣೆಯಾಗೆ ಹೇಳ್ದಿ. ನಾನು ಹೊರಗೆ ಮಗ್ಗದ ಹತ್ರ ನಿಂತಿದ್ದೆ. ನಿಮ್ಮಿಬ್ರ ಬಾಯೂ ಕಾಣ್ತಿದ್ವು. ಕೇಳಂಗಿಲ್ಲ ಸರ್, ಬಾಳ ವರ್ಷ ಆತು, ಅಂದಿ."

ಅಕ್ಷರ ತಪ್ಪಿರಲಿಲ್ಲ.

"ಗೊತ್ತಿದ್ದೂ ಭಾನುವಾರ ಮನಿಗೆ ಯಾಕ ಬಂದ್ರಿ ಅಣ್ಣಾ?"

"ಮತ್ತೆ ಒಬ್ನೇ ಹೆಂಗೆ ನೋಡ್ಲಿ ಪಿಚ್ಚರು? ನೀನು ಇದ್ದದ್ದು ಹೇಳ್ದಿ, ಅದ್ರಾಗೇನು ತಪ್ಪೈತೆ. ಕೆಲಸ ಇವತ್ತಲ್ಲ ನಾಳೆ ಹೋಗೋದಿತ್ತು." ಕೈಯೆತ್ತಿ ನನ್ನ ಮುಂದಿನ ಮಾತು ತಡೆದರು. "ಆಮ್ಯಾಲೆ ಬರೋದು ಬಿಟ್ಟಿ ನೋಡು, ಅದು ಮಾಡಬಾರದಿತ್ತು ತಮ್ಮಾ. ನಾನು ಹೋಗ್ತಿದ್ದೆ. ಪಕ್ಕದ ಸೀಟಿಗೆ ಟವಲ್ ಹಾಕ್ಕಂಡು ಕುಂತಿರ್ತಿದ್ದೆ. ಇಂಟರ್ವಲ್ ತನಕ ನೋಡ್ತಿದ್ದೆ, ಬರ್ತೀಯೇನೋ ಅಂತ."

ಮಗಳು ಟೀ ತಂದಿಟ್ಟಳು. ಕುಡಿದೆವು. ಮುಂದಿನ ತಿಂಗಳು ಇನ್ನೊಂದು ಪಿಚ್ಚರು ತರುತ್ತೇನೆ ಅಂದೆ, ಹೂಂ ಅಂದರು. ಹೇಳಿದಂತೆ ತಂದು ತೋರಿಸಿದೆ. ಆಮೇಲೆಯೂ ಎರಡು ಸಲ ಹೋದೆ. ಮತ್ತೊಂದು ಸಲ ಹೊರಡುವ ಮುಂಚೆಯೇ ಮಗಳ ಫೋನು ಬಂತು. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಹರಿಹರಕ್ಕೆ ಹೋಗಿ ಮಣ್ಣು ಮುಗಿಸಿಕೊಂಡು ಸಂಜೆಯ ಬಸ್ಸಿಗೆ ಬಂದೆ. ಎಷ್ಟು ಭಾನುವಾರ ಹಾಗೆ ಟವಲ್ ಹಾಕಿಕೊಂಡು ಕೂತಿದ್ದರೋ, ಕೇಳಲು ನನಗೆ ಧೈರ್ಯ ಬರಲಿಲ್ಲ.